ಬಾಣಂತಿ ಕೋಣೆಯ ಹೊಸಲಲ್ಲಿ

ಹೊತ್ತು ಇನ್ನೂ ತೆಂಗಿನ ತೋಟದ ಹಿಂದಿರುವಾಗಲೇ ಬಚ್ಚಲುಮನೆಯ ಒಲೆ ಹೊತ್ತಿಕೊಂಡಿದೆ. ಒಣಗಿದ ಮಟ್ಟೆ ಚಟಚಟ ಸಿಡಿದು, ಹಂಡೆಯ ನೀರು ಸದ್ದು ಮಾಡತೊಡಗುವ ಹೊತ್ತಿಗೆ ಅಜ್ಜಿ ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕೂತು ಕಾಲು ನೀಡಿಕೊಂಡಿದ್ದಾಳೆ. ನೀಡಿದ ಕಾಲುಗಳ ನಡುವಿನ ತಗ್ಗಿನಲ್ಲಿ ಎಣ್ಣೆಯಲ್ಲಿ ಮಿರುಗುವ ಎಳೆಗೂಸು. ಅಂಗೈಗೆ ಎಣ್ಣೆ ಸುರಿದುಕೊಂಡು ಎದೆಯಿಂದ ಹೊಟ್ಟೆಗೆ, ತೊಡೆಯಿಂದ ಪಾದಕ್ಕೆ, ಮಗುಚಿ ಹಾಕಿ ಬೆನ್ನಿಗೆ, ಕೊನೆಗೆ ಮೂಗನ್ನು ಎರಡು ಬೆರಳಲ್ಲಿ ಮೆಲ್ಲಗೆ ನೀವಿ, ತಲೆಯನ್ನು ದುಂಡಗೆ ತಟ್ಟಿ, ಚೊಂಬಿನಿಂದ ನೀರು ಹೊಯ್ದಾಗ ಕೂಸು ಮನೆ ಹಾರಿಹೋಗುವಂತೆ ಕಿರುಚಿಕೊಳ್ಳುತ್ತದೆ. ಅಜ್ಜಿ ಅದಕ್ಕೆಲ್ಲ ಜಗ್ಗುವವಳಲ್ಲ. ಕೆಂಡದ ಮೇಲೆ ಉದುರಿಸಿದ ಸಾಂಬ್ರಾಣಿಯ ಹೊಗೆ ಸೂರಿನವರೆಗೂ ಏಳುತ್ತದೆ. ಕುಲಾವಿ ಕಟ್ಟಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಕೆನ್ನೆಗೊಂದು ದೃಷ್ಟಿಬೊಟ್ಟಿಟ್ಟ ಮೇಲೆ, ಅಷ್ಟು ಹೊತ್ತು ಅತ್ತದ್ದು ತಾನಲ್ಲವೇ ಅಲ್ಲ ಎಂಬಂತೆ ಮಗು ನಿದ್ದೆಗೆ ಜಾರುತ್ತದೆ.

ಇನ್ನು ತಾಯಿಯ ಸರದಿ. ಬನ್ನಿ, ಆದರೆ ಹೊಸಲಲ್ಲೇ ನಿಲ್ಲೋಣ. ಬಾಣಂತಿ ಕೋಣೆಗೆ ಹೊರಗಿನವರು ನುಗ್ಗುವಂತಿಲ್ಲ. ಕಿಟಕಿ ಮುಚ್ಚಿದೆ. ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ನಡುವಿಗೆ ಸುತ್ತಿದ ಹಳೆಯ ಸೀರೆ. ಒಣಶುಂಠಿ, ಮೆಣಸು, ಬೆಳ್ಳುಳ್ಳಿ ಹಾಕಿದ ಸಾರಿನ ಘಾಟು, ಸಬ್ಬಸಿಗೆ ಸೊಪ್ಪಿನ ಪಲ್ಯದ ಪರಿಮಳ, ಡಬ್ಬಿಯಲ್ಲಿ ಕೊಬ್ಬರಿ ಬೆಲ್ಲ ಸೇರಿಸಿ ಕಟ್ಟಿದ ಅಂಟಿನುಂಡೆ. ಒಬ್ಬಳನ್ನು ಉಳಿಸಿಕೊಳ್ಳುವುದಕ್ಕೆ ಒಂದು ಮನೆ ಏನೇನು ಮಾಡಬಲ್ಲದೋ ಅಷ್ಟನ್ನೂ ಇಲ್ಲಿ ಮಾಡಲಾಗುತ್ತಿದೆ. ಚೊಚ್ಚಲ ಬಾಣಂತನ, ತವರುಮನೆ, ಕೈಗೊಂದು ಕಾಲಿಗೊಂದು ಆಳಿನಂತೆ ಓಡಾಡುವ ಹೆತ್ತವ್ವ.

ಆದರೂ ಮಂಚದ ಮೇಲೆ ಕೂತವಳು ಗೋಡೆಯನ್ನೇ ನೋಡುತ್ತಿದ್ದಾಳೆ. ತೊಟ್ಟಿಲಲ್ಲಿ ಕೂಸು ಮಿಸುಕಾಡಿ ಅಳು ತೆಗೆದರೆ ಅವಳ ಕಣ್ಣು ಅತ್ತ ಹೊರಳುತ್ತದೆ, ಕೈ ಮಾತ್ರ ಮೇಲೇಳುವುದಿಲ್ಲ.

"ಕೂಸಿಗೆ ಹಾಲು ಕುಡಿಸೇ, ಆಗ್ಲಿಂದ ಅಳ್ತಾ ಇದೆ."

"ಹೂಂ ಅಮ್ಮ."

"ಹೂಂ ಅಂದ್ರೆ ಆಯ್ತಾ? ಏಳು ಮತ್ತೆ."

ಏಳುತ್ತಾಳೆ. ಕುಡಿಸುತ್ತಾಳೆ. ಮಗುವಿನ ಮುಖ ನೋಡುವುದಿಲ್ಲ. ಅವಳ ಅಮ್ಮ ಅಡುಗೆಮನೆಗೆ ಬಂದು ಅಜ್ಜಿಯ ಕಿವಿಯಲ್ಲಿ, "ಯಾಕೋ ಮಂಕಾಗವ್ಳೆ ಕಣವ್ವ" ಅನ್ನುತ್ತಾಳೆ. "ಸುಸ್ತು, ಇನ್ನೇನು. ರಕ್ತ ಹೋಗಿದೆ. ಮೂರು ತಿಂಗಳಿಗೆ ಸರಿಹೋಗ್ತಾಳೆ" ಎಂದು ಅಜ್ಜಿ ಒರಳಿಗೆ ಕೈ ಹಾಕುತ್ತಾಳೆ.

ಅಜ್ಜಿ ಹೇಳಿದ್ದು ಪೂರ್ತಿ ತಪ್ಪೇನಲ್ಲ. ಹೆರಿಗೆಯಾದ ಮೂರನೆಯದೋ ನಾಲ್ಕನೆಯದೋ ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೂ ಸಿಡುಕುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ. ಔಷಧಿಯಿಲ್ಲದೆ, ನಿದ್ದೆ ಮತ್ತು ನಾಲ್ಕು ಒಳ್ಳೆಯ ಮಾತಿನಿಂದ, ಹದಿನೈದು ದಿನದೊಳಗೆ ತಾನಾಗಿ ಕರಗುತ್ತದೆ. ಕರಗದೆ ಉಳಿದದ್ದೇ ಬೇರೆ. ಹಸಿವಿಲ್ಲ, ಮಗು ಮಲಗಿದಾಗಲೂ ನಿದ್ದೆಯಿಲ್ಲ, ನಾನು ತಾಯಿಯಾಗಲು ಲಾಯಕ್ಕಿಲ್ಲ ಎಂಬ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತದೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕವನ್ನು, ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕೆಯಲ್ಲಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ, ನೂರು ಬಾಣಂತಿಯರಲ್ಲಿ 22 ಮಂದಿಗೆ ಈ ಖಿನ್ನತೆ ಇರುತ್ತದೆ ಎಂದಿತು. ಸಂತೆಬೀದಿಯಲ್ಲಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಎದುರಾಗುವ ಐವರಲ್ಲಿ ಒಬ್ಬಳು ಅಂದುಕೊಳ್ಳಿ.

ಯಾರಿಗೆ ಬರುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರು ಮೊದಲು ಹೋಗಿದ್ದು ಮೆದುಳಿಗಲ್ಲ, ಮನೆಗೆ. ನಮ್ಮ ಪಕ್ಕದ ಗೋವಾದ ಮಾಪುಸಾ ಪಟ್ಟಣದಲ್ಲಿ ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ಗರ್ಭಿಣಿಯರನ್ನು ತುಂಬುದಿನದಲ್ಲೇ ಕಂಡು ಮಾತಾಡಿಸಿ, ಹೆರಿಗೆಯ ನಂತರ ಮತ್ತೆ ಮತ್ತೆ ಭೇಟಿಯಾಗಿ, 2002ರಲ್ಲಿ ಬರೆದ ವರದಿ ಇಂದಿಗೂ ಓದುವಂತಿದೆ. ಹೆರಿಗೆಯಾದ ಆರೆಂಟು ವಾರದ ಹೊತ್ತಿಗೆ ಅವರಲ್ಲಿ ನೂರಕ್ಕೆ 23 ಮಂದಿ ಖಿನ್ನರಾಗಿದ್ದರು, ಮತ್ತು ಅವರಲ್ಲಿ ಬಹುಪಾಲು ಹೆಂಗಸರು ಹೊಟ್ಟೆಯಲ್ಲಿ ಮಗುವಿದ್ದಾಗಲೇ ಕುಗ್ಗಿಹೋಗಿದ್ದರು. ಹೆರಿಗೆ ಹುಟ್ಟಿಸಿದ ಕಾಯಿಲೆ ಅಂತ ನಾವು ಅಂದುಕೊಂಡದ್ದು ಎಷ್ಟೋ ಸಲ ಹೆರಿಗೆಗೆ ಮೊದಲೇ ಒಳಗೆ ಬಂದು ಕೂತಿರುತ್ತದೆ. ಕೈಯಲ್ಲಿ ಕಾಸಿಲ್ಲದಿರುವುದು, ಗಂಡನೊಡನೆ ಹೊಂದಾಣಿಕೆ ಕೆಟ್ಟಿರುವುದು, ಹೊಡೆತ; ಇವು ಎಲ್ಲ ದೇಶದ ಪಟ್ಟಿಯಲ್ಲೂ ಇರುವಂಥವು. ನಮ್ಮ ಕಡೆಯ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿತು: ಹುಟ್ಟಿದ್ದು ಹೆಣ್ಣುಮಗು. ತಾಯಿ ಮಂಕಾದ ಮನೆಗಳಲ್ಲಿ ಆರು ತಿಂಗಳ ಕೂಸಿನ ತೂಕ ಕಡಿಮೆಯಿರುವ ಸಂಭವವೂ ಹೆಚ್ಚು ಎಂದು ಅದೇ ಗೋವಾದ ತಾಯಂದಿರ ಮಕ್ಕಳನ್ನು ತೂಗಿ ನೋಡಿದವರು ಮರುವರ್ಷ ಬರೆದರು. ಅಂದಹಾಗೆ, ಇಂಥ ಸಂಶೋಧನಾ ಲೇಖನಗಳಲ್ಲಿ ಗಂಡ ಎಂಬ ಪ್ರಾಣಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಪಾಯದ ಪಟ್ಟಿಯಲ್ಲಿ. ಪರಿಹಾರದ ಪಟ್ಟಿಯಲ್ಲಿ ಅವನಿಗೆ ಇನ್ನೂ ಸರಿಯಾದ ಜಾಗ ಸಿಕ್ಕಿಲ್ಲ.

ಹಾಗಾದರೆ ಆ ಎಣ್ಣೆ, ಹೊಗೆ, ನಲವತ್ತು ದಿನದ ಮೈಲಿಗೆ, ತವರಿನ ತಂಪು, ಇವೆಲ್ಲ ಕಾಯುತ್ತವೋ ಕೆಡಿಸುತ್ತವೋ? ಎರಡೂ ಹೌದು ಎಂಬುದೇ ಈ ವಿಷಯದ ಸೊಗಸು. ಇಂಗ್ಲೆಂಡಿನ ವಿರಲ್ ಎಂಬಲ್ಲಿ ಹೆಲೆನ್ ಶಾರ್ಪ್ ತಂಡ ಎಳೆಗೂಸಿನ ತಾಯಂದಿರನ್ನು ಒಂದು ಸರಳ ಸಂಗತಿ ಕೇಳಿತು: ಮಗುವಿನ ಬೆನ್ನು, ತಲೆ, ಕೈಕಾಲು ಎಷ್ಟು ಸಲ ನೇವರಿಸುತ್ತೀರಿ? ಬಸುರಿಯಾಗಿದ್ದಾಗ ಖಿನ್ನರಾಗಿದ್ದ ತಾಯಂದಿರ ಮಕ್ಕಳಲ್ಲಿ ಏಳನೆಯ ತಿಂಗಳಿಗೆ ಕಾಣಬರುವ ದುಷ್ಪರಿಣಾಮ, ಮೊದಲ ವಾರಗಳಲ್ಲಿ ತಾಯಿಯ ನೇವರಿಕೆ ಹೆಚ್ಚು ಸಿಕ್ಕ ಮಕ್ಕಳಲ್ಲಿ ಅಷ್ಟಾಗಿ ಕಾಣಲಿಲ್ಲ ಎಂದು 2012ರಲ್ಲಿ ಅವರು ಪ್ರಕಟಿಸಿದರು. ನಮ್ಮ ಬಚ್ಚಲುಮನೆಯ ಅಜ್ಜಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟಾಳು. ಆದರೆ ಅವಳಿಗೂ ಇಲ್ಲೊಂದು ಮಾತಿದೆ: ಅಲ್ಲಿ ಲೆಕ್ಕಕ್ಕೆ ಬಂದದ್ದು ತಾಯಿಯ ಕೈ. ನಮ್ಮಲ್ಲಿ ಮಗುವನ್ನು ಮುಟ್ಟಿ ನೀವುವ ಕೆಲಸವನ್ನೆಲ್ಲ ಅಜ್ಜಿ ವಹಿಸಿಕೊಂಡು, ಹೆತ್ತವಳನ್ನು ಹಾಲು ಕೊಡುವುದಕ್ಕಷ್ಟೇ ಕರೆಯುವ ಮನೆಗಳೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ, ಬಸುರಿಯರಾಗಿದ್ದಾಗಿನಿಂದಲೇ ಬೆಂಗಳೂರಿನ ತಾಯಂದಿರ ಜೊತೆ ಹೆಜ್ಜೆ ಹಾಕುತ್ತ, ಮಕ್ಕಳು ಬೆಳೆಯುವ ಬಗೆಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನಕ್ಕೆ ಕೈಹಾಕಿದ್ದು, ಇಂಥ ಸಂಗತಿಗಳನ್ನು ನಮ್ಮ ಮನೆಗಳ ನಡುವೆಯೇ ತೂಗಿ ನೋಡಲು.

ಕೆಡಿಸುವ ಪದ್ಧತಿಯೂ ಆ ಕೋಣೆಯಲ್ಲೇ ಇದೆ. ಮೂಲೆಯಲ್ಲಿರುವ ನೀರಿನ ತಂಬಿಗೆ ನೋಡಿ, ಬೆಳಿಗ್ಗೆಯಿಂದ ಅರ್ಧವೂ ಖಾಲಿಯಾಗಿಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಗುಟುಕು ಲೆಕ್ಕದಲ್ಲಿ ಕೊಡುವ ಕ್ರಮ ಹಳೆಯದು. ಹೆರಿಗೆಯ ನಂತರ ರಕ್ತ ಹೇಗೂ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಮೈಯಲ್ಲಿ ನೀರು ಬತ್ತಿದರೆ ಮೆದುಳಿನಿಂದ ರಕ್ತ ಹೊರಹೋಗುವ ಅಭಿಧಮನಿಗಳಲ್ಲೇ ಹೆಪ್ಪು ಕಟ್ಟುವ ಅಪಾಯ ಏರುತ್ತದೆ. ವಿಪರೀತ ತಲೆನೋವು, ಫಿಟ್ಸ್, ಒಮ್ಮೊಮ್ಮೆ ಅಸಂಬದ್ಧ ಮಾತು. ನಿಮ್ಹಾನ್ಸ್‌ನ ನರರೋಗ ತಜ್ಞರು ಇಂಥ ಬಾಣಂತಿಯರನ್ನು ದಶಕಗಳ ಹಿಂದೆಯೇ ಸಾಲುಸಾಲಾಗಿ ಕಂಡು ಬರೆದಿಟ್ಟಿದ್ದಾರೆ. ಹೊರಗಿನವರ ಕಣ್ಣಿಗೆ ಅದು ಗಾಳಿ ಸೋಕಿದಂತೆ ಕಾಣುತ್ತದೆ, ತಾಯಿತ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ನಮ್ಮ ಬಾಣಂತನದ ಎಲ್ಲ ಕಟ್ಟಳೆಗಳಲ್ಲಿ ಇಂದೇ ಕೈಬಿಡಬೇಕಾದದ್ದು ಯಾವುದು ಎಂದು ಕೇಳಿದರೆ ನಾನು ಈ ನೀರಿನ ಕಟ್ಟಳೆಯನ್ನೇ ತೋರಿಸುತ್ತೇನೆ.

ಬಿಸಿಲು ಅಂಗಳಕ್ಕೆ ಇಳಿದಾಗ ಗುಲಾಬಿ ಸೀರೆಯೊಂದು ಗೇಟು ತೆಗೆಯುತ್ತದೆ. ಆಶಾ ಕಾರ್ಯಕರ್ತೆ. ಬಗಲಲ್ಲಿ ಚೀಲ, ಅದರಲ್ಲಿ ಮಗುವನ್ನು ತೂಗುವ ಜೋಲಿ ತಕ್ಕಡಿ, ಜ್ವರ ನೋಡುವ ಕಡ್ಡಿ, ಮೂಲೆ ಮಡಚಿದ ನಮೂನೆಗಳ ಕಟ್ಟು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಅವಳು ಬರಬೇಕು. ಒಟ್ಟು ಆರು ಭೇಟಿ. ಕೂಸಿನ ಕಂಕುಳಿಗೆ ಕಡ್ಡಿ ಇಟ್ಟು, ಹೊಕ್ಕುಳು ಒಣಗಿದೆಯೇ ನೋಡಿ, ತೂಗಿ, ಬರೆದುಕೊಳ್ಳುತ್ತಾಳೆ. "ಹಾಲು ಸರಿಯಾಗಿ ಕುಡೀತದಾ ಅಕ್ಕ?" ಎಂದು ಕೇಳುತ್ತಾಳೆ. ಹೌದು ಎಂದು ಒಳಗಿನಿಂದ ಅಮ್ಮನೇ ಉತ್ತರ ಕೊಡುತ್ತಾಳೆ. ರಕ್ತಸ್ರಾವ, ಜ್ವರ, ಎದೆಬಾವು, ಇವಿಷ್ಟು ಬಾಣಂತಿಗೆ. ಮಂಚದ ಮೇಲಿನವಳು ಒಮ್ಮೆ ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡದ್ದು ನಿಮಗೂ ನನಗೂ ಕಂಡಿತು. ನಮೂನೆಯ ಮೇಲೆ ಬಗ್ಗಿದ್ದವಳಿಗೆ ಕಾಣಲಿಲ್ಲ. ಅವಳನ್ನು ದೂರಿ ಫಲವಿಲ್ಲ. ತುಂಬಿಸಬೇಕಾದ ಹಾಳೆ ಏನು ಕೇಳುತ್ತದೋ ಅದನ್ನೇ ಅವಳು ಕೇಳುತ್ತಾಳೆ, ಇನ್ನೂ ಎಷ್ಟೋ ಮನೆ ಬಾಕಿಯಿವೆ.

ಒಂದೂವರೆ ತಿಂಗಳು ತುಂಬಿದ ಮೇಲೆ ಬರುವ ಗುರುವಾರ ಇದೇ ಮಗು ಉಪಕೇಂದ್ರದ ಜಗಲಿಯಲ್ಲಿರುತ್ತದೆ. ಗುರುವಾರ ಅಂದರೆ ಲಸಿಕೆಯ ದಿನ. ಐಸ್ ಹಾಕಿದ ಲಸಿಕೆ ಡಬ್ಬಿ, ಸ್ಪಿರಿಟ್ಟಿನ ವಾಸನೆ, ತೊಡೆಗೆ ಸೂಜಿ ತಾಗಿದ ಕ್ಷಣಾರ್ಧದ ಮೌನದ ನಂತರ ಒಬ್ಬರಿಗಿಂತ ಒಬ್ಬರು ಜೋರಾಗಿ ಅಳುವ ಕೂಸುಗಳು, ತಾಯಿ ಕಾರ್ಡು ಹಿಡಿದು ಸರದಿಗೆ ಕಾದ ಅತ್ತೆಯಂದಿರು. ಖಿನ್ನತೆಯನ್ನು ಗುರುತಿಸಲು ಅಧ್ಯಯನಕಾರರು ಆರಿಸಿಕೊಳ್ಳುವುದೂ ಸರಿಸುಮಾರು ಇದೇ ಆರೆಂಟು ವಾರದ ಹೊತ್ತು. ಊರಿನ ಎಲ್ಲ ಹೊಸ ತಾಯಂದಿರೂ ಒಂದೇ ಬೆಂಚಿನ ಮೇಲೆ ಸಾಲಾಗಿ ಕೂರುವ, ಕರೆಯದೆಯೂ ಬರುವ ದಿನ ಇದಕ್ಕಿಂತ ಬೇರೆ ಇಲ್ಲ.

ಕೇಳುವುದಕ್ಕೆ ಯಂತ್ರ ಬೇಡ, ರಕ್ತ ಬೇಡ. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಾನ್ ಕಾಕ್ಸ್, ಜೆನಿ ಹೋಲ್ಡನ್, ರೂತ್ ಸಗೋವ್‌ಸ್ಕಿ ಎಂಬ ಮೂವರು ರೂಪಿಸಿದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ, ಎಲ್ಲವೂ ಕಳೆದ ಏಳು ದಿನದ ಬಗ್ಗೆ: ನಗು ಬಂದಿತ್ತೇ, ಮುಂದಿನದನ್ನು ನೆನೆದು ಹಿಗ್ಗಾಯಿತೇ, ಸುಮ್ಮಸುಮ್ಮನೆ ಹೆದರಿಕೆಯಾಯಿತೇ, ದುಃಖಕ್ಕೆ ನಿದ್ದೆ ಕೆಟ್ಟಿತೇ, ಹೀಗೆ. ಸುಸ್ತು, ಹಸಿವು, ಮೈಭಾರ ಇವನ್ನು ಬೇಕೆಂದೇ ಬಿಟ್ಟಿದ್ದಾರೆ, ಅವು ಎಲ್ಲ ಬಾಣಂತಿಯರಿಗೂ ಇರುವುದರಿಂದ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತು. ಕೇಳಿದರೆ ಇಲ್ಲದ ಯೋಚನೆ ಬಂದೀತು ಎಂದು ಹೆದರಿ ಅದನ್ನು ಹಾರಿಸಿಬಿಡುವವರುಂಟು. ಹಾಗೆ ಬರುವುದಿಲ್ಲ, ಕೇಳಿದಾಗ ಹಗುರಾಗುವವರೇ ಹೆಚ್ಚು. ಪಕ್ಕದ ಕೇರಳದಲ್ಲಿ ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸಿದ ವೈದ್ಯರಿಗೆ ಆತ್ಮಹತ್ಯೆ ಮುಖ್ಯ ಕಾರಣಗಳಲ್ಲೊಂದಾಗಿ ಕಂಡದ್ದನ್ನು ನೆನೆದರೆ ಆ ಹತ್ತನೆಯ ಪ್ರಶ್ನೆಯ ತೂಕ ತಿಳಿಯುತ್ತದೆ. ಈ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ನಮ್ಮ ಹಳ್ಳಿಯ ಹೆಂಗಸರಲ್ಲಿ ಪರೀಕ್ಷಿಸಿಯೂ ಆಗಿದೆ.

ಕಂಡುಹಿಡಿದ ಮೇಲೆ ಯಾರ ಬಳಿ ಕಳಿಸುವುದು? ಇಷ್ಟು ಮಂದಿಗೆ ಮನೋವೈದ್ಯರು ಎಲ್ಲಿದ್ದಾರೆ? ಈ ಪ್ರಶ್ನೆಗೆ ಅತ್ಯಂತ ದಿಟ್ಟ ಉತ್ತರ ಬಂದದ್ದು ಶ್ರೀಮಂತ ದೇಶದಿಂದಲ್ಲ, ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯ ಹಳ್ಳಿಗಳಿಂದ. ಗೋಧಿ ಹೊಲ, ಮಣ್ಣಿನ ಅಂಗಳ, ಹಗ್ಗದ ಮಂಚ, ತಂದೂರಿನ ಹೊಗೆ. ನಮ್ಮ ಆಶಾಳಂತೆಯೇ ಅಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿದ್ದಾರೆ. ಆತಿಫ್ ರೆಹಮಾನ್ ಎಂಬ ಮನೋವೈದ್ಯರು ಅವರಿಗೆ ಎರಡು ದಿನದ ತರಬೇತಿ ಕೊಟ್ಟು, ಖಿನ್ನತೆಯಿದ್ದ 903 ಬಸುರಿಯರನ್ನು ಊರುವಾರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತರಬೇತಿ ಪಡೆದವಳು, ಇನ್ನೊಂದಕ್ಕೆ ಪಡೆಯದವಳು. ಭೇಟಿಗಳ ಸಂಖ್ಯೆ ಇಬ್ಬರದೂ ಅಷ್ಟೇ, ತಲಾ ಹದಿನಾರು. ಖಿನ್ನತೆ, ಹುಚ್ಚು ಎಂಬ ಮಾತೇ ಎತ್ತಲಿಲ್ಲ. ಮಗು ಚೆನ್ನಾಗಿ ಬೆಳೆಯಲಿ ಎಂದು ಬಂದಿದ್ದೇನೆ ಅಂದರೆ ಯಾವ ಅತ್ತೆ ಬಾಗಿಲು ಹಾಕಿಯಾಳು? ಒಳಗೆ ಕೂತು, ಚಿತ್ರಗಳಿದ್ದ ಪುಸ್ತಕ ಬಿಚ್ಚಿ, "ನನ್ನಿಂದ ಏನೂ ಆಗದು" ಎಂಬ ಯೋಚನೆಯನ್ನು ಹಿಡಿದು ಅದಕ್ಕೆ ಬದಲಿ ಯೋಚನೆ ಹುಡುಕುವುದು, ಈ ವಾರ ಮಾಡಬಹುದಾದ ಒಂದು ಸಣ್ಣ ಕೆಲಸ ಗೊತ್ತು ಮಾಡುವುದು, ಅತ್ತೆಯನ್ನೂ ಗಂಡನನ್ನೂ ಅದಕ್ಕೆ ಜೊತೆ ಮಾಡಿಕೊಳ್ಳುವುದು. ಇಷ್ಟೇ ಚಿಕಿತ್ಸೆ. ಮಗುವಿಗೆ ಆರು ತಿಂಗಳಾದಾಗ ನೋಡಿದರೆ, ತರಬೇತಿಯಿಲ್ಲದವಳು ಹೋದ ಮನೆಗಳಲ್ಲಿ ನೂರಕ್ಕೆ 53 ತಾಯಂದಿರು ಇನ್ನೂ ಖಿನ್ನರಾಗಿದ್ದರು. ತರಬೇತಾದವಳು ಹೋದಲ್ಲಿ 23. ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಮುಂದೆ ಹೊರತಂದಿತು.

ಇಲ್ಲೊಂದು ತಕರಾರನ್ನೂ ಹೇಳಿಬಿಡಬೇಕು. ಏಳು ವರ್ಷದ ಮೇಲೆ ಅದೇ ಮಕ್ಕಳನ್ನು ಹುಡುಕಿಕೊಂಡು ಹೋದಾಗ, ಚಿಕಿತ್ಸೆ ಪಡೆದ ತಾಯಂದಿರ ಮಕ್ಕಳಿಗೂ ಉಳಿದವರ ಮಕ್ಕಳಿಗೂ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಮುಂದೆ ಗೋವಾದಲ್ಲಿ ಅಕ್ಕಪಕ್ಕದ ಮನೆಯ ಹೆಂಗಸರನ್ನೇ ಸಖಿಯರನ್ನಾಗಿಸಿ ಇದೇ ಪದ್ಧತಿ ನಡೆಸಿದಾಗ ಪ್ರಯೋಜನ ಕಂಡಿತಾದರೂ ರಾವಲ್ಪಿಂಡಿಯಷ್ಟು ದೊಡ್ಡದಾಗಿರಲಿಲ್ಲ. ಮಗುವಿಗಾಗಿ ತಾಯಿಗೆ ಚಿಕಿತ್ಸೆ ಎಂಬ ವಾದ ಬಾಗಿಲು ತೆಗೆಸುವುದಕ್ಕೆ ಒಳ್ಳೆಯದು. ಆದರೆ ತಾಯಿಗಾಗಿಯೇ ತಾಯಿಗೆ ಚಿಕಿತ್ಸೆ ಸಿಗಬೇಕಲ್ಲವೇ? ಅವಳು ಬರೀ ಹಾಲಿನ ಪಾತ್ರೆಯೇನಲ್ಲ.

ಇಷ್ಟೆಲ್ಲ ಹೇಳಿದ್ದು ನಿಧಾನವಾಗಿ ಕವಿಯುವ ಮಬ್ಬಿನ ಬಗ್ಗೆ. ಸಿಡಿಲಿನಂತೆ ಬರುವುದು ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ. ಸಾಮಾನ್ಯವಾಗಿ ಮೊದಲೆರಡು ವಾರದಲ್ಲೇ, ಎರಡು ಮೂರು ರಾತ್ರಿ ನಿದ್ದೆಯಿಲ್ಲದೆ ಕಳೆದವಳು ಇದ್ದಕ್ಕಿದ್ದಂತೆ ಬಡಬಡಿಸತೊಡಗುತ್ತಾಳೆ, ಇದು ನನ್ನ ಮಗುವಲ್ಲ ಅನ್ನುತ್ತಾಳೆ, ಯಾರೋ ಕರೆಯುತ್ತಿದ್ದಾರೆಂದು ಎದ್ದು ಹೊರಡುತ್ತಾಳೆ. ಹಿಂದೆ ಮನಸ್ಸಿನ ಏರಿಳಿತದ ಬೈಪೋಲಾರ್ ಕಾಯಿಲೆ ಇದ್ದವರಿಗೆ, ಹಿಂದಿನ ಹೆರಿಗೆಯಲ್ಲೂ ಹೀಗಾದವರಿಗೆ ಅಪಾಯ ಬಹಳ ಹೆಚ್ಚು. 1858ರಷ್ಟು ಹಿಂದೆಯೇ ಫ್ರಾನ್ಸಿನ ಲೂಯಿ ವಿಕ್ತೋರ್ ಮಾರ್ಸೆ ಬಸುರಿ ಬಾಣಂತಿಯರ ಮನೋರೋಗದ ಬಗ್ಗೆ ಇಡೀ ಗ್ರಂಥವನ್ನೇ ಬರೆದ. ಆದರೆ ತಾಯಿಯನ್ನು ಆಸ್ಪತ್ರೆಗೆ, ಮಗುವನ್ನು ಬೇರೆ ಮಡಿಲಿಗೆ ಎಂಬ ಕ್ರಮ ಬದಲಾಗಲು ಮತ್ತೆ ತೊಂಬತ್ತು ವರ್ಷ ಹಿಡಿಯಿತು. 1948ರಲ್ಲಿ ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಥಾಮಸ್ ಮೇನ್ ಮಗುವನ್ನೂ ತಾಯಿಯ ಜೊತೆಗೇ ಒಳಸೇರಿಸಿಕೊಂಡರು.

ಬೆಂಗಳೂರಿನ ಹೊಸೂರು ರಸ್ತೆಯ ಗದ್ದಲ ದಾಟಿ ನಿಮ್ಹಾನ್ಸ್‌ನ ಮರಗಳ ನೆರಳಿಗೆ ಬಂದರೆ, ಅಂಥ ತಾಯಿ ಮಗುವಿನ ವಾರ್ಡು ಅಲ್ಲಿದೆ. 2009ರ ಜುಲೈಯಲ್ಲಿ ಡಾ. ಪ್ರಭಾ ಎಸ್. ಚಂದ್ರ ಮತ್ತು ಸಂಗಡಿಗರು ಐದು ಹಾಸಿಗೆಯಿಂದ ಶುರು ಮಾಡಿದ್ದು. ಮನೋರೋಗದ ವಾರ್ಡಿನಲ್ಲಿ ಹಾಲು, ಬೇಬಿ ಪೌಡರಿನ ವಾಸನೆ ಬರುವುದನ್ನು ನೀವು ಬೇರೆಲ್ಲಿ ಕಂಡೀರಿ? ವಿಲಾಯತಿಯ ಮಾದರಿಗೆ ನಮ್ಮವರು ಮಾಡಿದ ತಿದ್ದುಪಡಿ ಸರಳ: ತಾಯಿ, ಮಗುವಿನ ಜೊತೆಗೆ ಮನೆಯ ಒಬ್ಬ ಹೆಂಗಸೂ ಇರಬೇಕು. ಹೆಚ್ಚಾಗಿ ಹೆತ್ತಮ್ಮನೇ. ಅಲ್ಲಿ ದಾದಿಯರಿದ್ದಾರೆ ನಿಜ, ಆದರೆ ರಾತ್ರಿ ಎರಡು ಗಂಟೆಗೆ ಕೂಸು ಅತ್ತಾಗ ಮೊದಲು ಏಳುವುದು ಆ ಅಜ್ಜಿಯೇ. ಮೊದಲ ದಿನಗಳಲ್ಲಿ ಮಗುವನ್ನು ತಾಯಿಯ ಹತ್ತಿರ ಕಣ್ಗಾವಲಿನಲ್ಲೇ ಬಿಡುತ್ತಾರೆ. ಔಷಧಿ ಕೆಲಸ ಮಾಡತೊಡಗಿದಂತೆ, ಮೈ ಮುಟ್ಟುವುದು, ಎಣ್ಣೆ ನೀವುವುದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸುವುದು, ಒಂದೊಂದಾಗಿ ಮರಳಿ ಕಲಿಸುತ್ತಾರೆ. ಬಚ್ಚಲುಮನೆಯಲ್ಲಿ ಅಜ್ಜಿ ತಾನೇ ಮಾಡಿ ಮುಗಿಸಿದ್ದ ಕೆಲಸವನ್ನು ಇಲ್ಲಿ ತಾಯಿಯ ಕೈಗೆ ಕೊಡುತ್ತಾರೆ. ಮೊದಲ ನಾಲ್ಕು ವರ್ಷ ಚಿಲ್ಲರೆಯಲ್ಲಿ 237 ತಾಯಿ ಮಕ್ಕಳ ಜೋಡಿ ಇಲ್ಲಿ ದಾಖಲಾಗಿತ್ತು. ಅವರಲ್ಲಿ ಸುಮಾರು ನೂರಕ್ಕೆ 40 ತಾಯಂದಿರಿಗೆ ಮಗುವಿನ ಮೇಲಿನ ಮಮತೆಯೇ ಕಾಯಿಲೆಯಿಂದ ಕದಡಿಹೋಗಿತ್ತು. ಬಾಣಂತಿ ಸನ್ನಿ ಬಂದಷ್ಟು ಬೇಗ ಗುಣವೂ ಆಗುತ್ತದೆ, ಹೊತ್ತಿಗೆ ಸರಿಯಾಗಿ ಕರೆತಂದರೆ. ಮನೋರೋಗಗಳಲ್ಲಿ ಇಷ್ಟು ಒಳ್ಳೆಯ ಭರವಸೆ ಕೊಡಬಹುದಾದವು ಬಹಳ ಇಲ್ಲ.

ಎಲ್ಲರೂ ಹೊಸೂರು ರಸ್ತೆಗೆ ಬರಬೇಕಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಇದೆ. ಗುರುವಾರ ಲಸಿಕೆಗೆ ಬಂದವಳನ್ನು ಮಂಗಳವಾರದ ವೈದ್ಯರ ಬಳಿಗೆ ಕಳಿಸುವುದಕ್ಕೆ ಬೇಕಾದದ್ದು ನಡುವೆ ಕೇಳುವ ಒಂದು ಬಾಯಿ. ಆರು ಸಲ ಮನೆಗೆ ಬರುವ ಆಶಾಳ ಹಾಳೆಯಲ್ಲಿ ಎರಡು ಸಾಲು ಸೇರಿಸಿ ಎಂದು ಆರೋಗ್ಯ ಇಲಾಖೆಯನ್ನು ಕೇಳಬೇಕು: ಈಚೆಗೆ ಮನಸ್ಸು ಕುಗ್ಗಿದಂತಿದೆಯೇ, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ. ಅದರ ಜೊತೆ ಅವಳಿಗೆ ತರಬೇತಿಯನ್ನೂ, ಆ ಹೆಚ್ಚಿನ ಕೆಲಸಕ್ಕೆ ಕೂಲಿಯನ್ನೂ ಕೊಡಿ ಎಂದು ಕೇಳಬೇಕು.

ಅಲ್ಲಿಯವರೆಗೆ ನಿಮ್ಮ ಮನೆಯ ಬಾಣಂತಿಗೆ ನೀವೇ ಕೇಳಿ, ಅತ್ತೆ ನಾದಿನಿಯರು ಪಕ್ಕದಲ್ಲಿಲ್ಲದಾಗ ಕೇಳಿ, ಅವಳು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ. ನಿದ್ದೆಗೆಟ್ಟು ಅಸಂಬದ್ಧ ಮಾತಾಡತೊಡಗಿದರೆ, ಸಾಯುವ ಮಾತಾಡಿದರೆ, ಅದೇ ದಿನ. ಹೊರಡುವುದು ಹೇಗೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ: 14416. ಕರೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.